ಪರವಾನಗಿ ಇಟ್ಟುಕೊಂಡು ನಾಯಿಮರಿ ಮಾರುವವನ ಬಾಗಿಲಿಗೇ ಪ್ರತಿಭಟನೆ ಏಕೆ?

ಗಲ್ಲಾಪೆಟ್ಟಿಗೆ (ಮೈಸೂರು)

ನಮ್ಮ ಸಾಕುಪ್ರಾಣಿ ಅಂಗಡಿಯ ಮುಂದೆ ಪ್ರತಿಭಟನೆಯವರು ಭಾನುವಾರ ಮತ್ತೆ ಬಂದಿದ್ದರು. ರಟ್ಟಿನ ಫಲಕ, ಘೋಷಣೆ, ಮೊಬೈಲ್‌ನಲ್ಲಿ ನೇರಪ್ರಸಾರ. ನಮ್ಮ ವಾರದ ವ್ಯಾಪಾರದ ಅರ್ಧ ಭಾಗ ನಡೆಯುವುದೇ ಭಾನುವಾರ, ಅದು ಅವರಿಗೂ ಚೆನ್ನಾಗಿ ಗೊತ್ತು. ಲವ್ ಬರ್ಡ್ಸ್‌ಗೆ ನವಣೆ ಕೊಳ್ಳಲು ಬಂದ ಹಿರಿಯರೊಬ್ಬರನ್ನು ತಡೆದು ‘ಕಟುಕರಿಗೆ ದುಡ್ಡು ಕೊಡಬೇಡಿ’ ಎಂದರು. ಪಾಪ, ಅವರು ಚೀಲ ಮಡಚಿಕೊಂಡು ಹಾಗೆಯೇ ಹೊರಟುಹೋದರು.

ನನ್ನ ಮಾತನ್ನೂ ಒಮ್ಮೆ ಕೇಳಿ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿದ್ದೇನೆ. ಪರಿಶೀಲನೆಗೆ ಬಂದವರಿಗೆ ಪಂಜರದ ಅಳತೆಯಿಂದ ಹಿಡಿದು ಕರೆಂಟು ಹೋದಾಗ ಫ್ಯಾನು ತಿರುಗಿಸುವ ಯುಪಿಎಸ್‌ವರೆಗೆ ಎಲ್ಲವನ್ನೂ ತೋರಿಸಿದ್ದೇನೆ. ಪ್ರಮಾಣಪತ್ರ ನನ್ನ ತಲೆಯ ಹಿಂದೆ ಗೋಡೆಯ ಮೇಲಿದೆ. ಎಂಟು ವಾರ ತುಂಬದ ಮರಿಯನ್ನು ಎಷ್ಟೇ ದುಡ್ಡು ಕೊಟ್ಟರೂ ಮಾರುವುದಿಲ್ಲ. ಇಷ್ಟೆಲ್ಲ ಮಾಡಿದವನ ಬಾಗಿಲಿಗೆ ಫಲಕ ಬರುತ್ತದೆ. ಎರಡು ರಸ್ತೆ ಆಚೆ, ಮಹಡಿಯ ಮೇಲೆ ತಗಡಿನ ಶೆಡ್ಡಿನಲ್ಲಿ ನಾಯಿ ಕೂಡಿಹಾಕಿಕೊಂಡು, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ತೋರಿಸಿ, ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಮರಿ ಸಾಗಿಸುವವನ ಬಾಗಿಲಿಗೆ ಯಾರೂ ಹೋಗುವುದಿಲ್ಲ. ಹೋಗಲು ಅವನಿಗೆ ಬೋರ್ಡೇ ಇಲ್ಲವಲ್ಲ!

ನಾನು ಶಟರ್ ಎಳೆದರೆ ಗಿರಾಕಿ ಆಶ್ರಯಧಾಮಕ್ಕೆ ಹೋಗುವುದಿಲ್ಲ, ಆ ಮಹಡಿಗೆ ಹೋಗುತ್ತಾನೆ. ತಪ್ಪಿದ್ದರೆ ಹೇಳಿ. ಬೈಗುಳ ಬೇಡ, ಅದು ಭಾನುವಾರವೇ ಸಾಕಷ್ಟು ಸಿಕ್ಕಿದೆ.

ಬೀದಿಬಂಧು (ಬೆಂಗಳೂರು)

ಬೈಯುವುದಿಲ್ಲ. ಮೈಸೂರಿಗೆ ಬಂದವರಲ್ಲಿ ನಾನಿರಲಿಲ್ಲ, ಆದರೆ ಇಲ್ಲಿ ಅಂಥ ಫಲಕ ಹಿಡಿದಿದ್ದೇನೆ. ಒಂದೇ ಪ್ರಶ್ನೆ: ಈ ಹೊತ್ತು ನಿಮ್ಮ ಗಾಜಿನ ಹಿಂದೆ ಇರುವ ಮರಿಗಳ ತಾಯಂದಿರು ಎಲ್ಲಿದ್ದಾರೆ?

ಗಲ್ಲಾಪೆಟ್ಟಿಗೆ

ನನಗೆ ಬಹಳ ವರ್ಷಗಳಿಂದ ಪರಿಚಯವಿರುವ ಬ್ರೀಡರ್‌ಗಳ (ನಾಯಿ ಸಾಕಿ ಮರಿ ಮಾಡಿಸಿ ಮಾರುವವರ) ಬಳಿ.

ಬೀದಿಬಂಧು

ಯಾವ ಊರು? ಅವರ ನೋಂದಣಿ ಸಂಖ್ಯೆ ಏನು? ನೀವು ಹೋಗಿ ಕಣ್ಣಾರೆ ನೋಡಿದ್ದೀರೋ, ಅಥವಾ ಮರಿಗಳು ಬುಟ್ಟಿಯಲ್ಲಿ ನಿಮ್ಮಲ್ಲಿಗೇ ಬರುತ್ತವೆಯೋ? 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಬ್ರೀಡರ್ ಕೂಡ ನೋಂದಣಿ ಮಾಡಿಸಬೇಕು. ಹೆಣ್ಣುನಾಯಿಗೆ 18 ತಿಂಗಳು ತುಂಬುವ ಮೊದಲು, ಎಂಟು ವರ್ಷ ದಾಟಿದ ಮೇಲೆ ಮರಿ ಮಾಡಿಸುವಂತಿಲ್ಲ. ನಿಮ್ಮ ಗೋಡೆಯ ಮೇಲಿನ ಪ್ರಮಾಣಪತ್ರ ನಿಮ್ಮ ಗೋಡೆಯ ಬಗ್ಗೆ ಹೇಳುತ್ತದೆ, ತಾಯಿಯ ಬಗ್ಗೆ ಏನೂ ಹೇಳುವುದಿಲ್ಲ.

ಲ್ಯಾಬ್ ಮನೆಯವರು (ತುಮಕೂರು)

ಕಾನೂನು ನನಗೆ ತಿಳಿಯದು, ನಮಗಾದದ್ದನ್ನು ಹೇಳುತ್ತೇನೆ. ಮಗಳ ಹುಟ್ಟುಹಬ್ಬಕ್ಕೆ ಬೆಂಗಳೂರಿನ ಒಂದು ಅಂಗಡಿಯಿಂದ ಲ್ಯಾಬ್ರಡಾರ್ ಮರಿ ತಂದೆವು. (ಇಲ್ಲಿ ಬರೆಯುತ್ತಿರುವ ಮೈಸೂರಿನವರದ್ದಲ್ಲ.) ಶನಿವಾರ ತಂದದ್ದು, ಬುಧವಾರ ವಾಂತಿ ಶುರುವಾಯಿತು, ಗುರುವಾರ ಭೇದಿಯಲ್ಲಿ ರಕ್ತ. ಆ ವಾಸನೆ ಇವತ್ತಿಗೂ ಮರೆತಿಲ್ಲ. ಎರಡು ದಿನ ಡ್ರಿಪ್ ಹಾಕಿಸಿದೆವು, ಉಳಿಯಲಿಲ್ಲ. ಅಂಗಡಿಗೆ ಫೋನು ಮಾಡಿದರೆ, ‘ನಮ್ಮಲ್ಲಿದ್ದಾಗ ಚೆನ್ನಾಗಿಯೇ ಇತ್ತು, ಮನೆಗೆ ಒಯ್ದ ಮೇಲೆ ನಮ್ಮ ಜವಾಬ್ದಾರಿ ಅಲ್ಲ’ ಎಂದರು. ಆಮೇಲೆ ಬಿಲ್ ತೆಗೆದು ನೋಡಿದೆ. ಅದರಲ್ಲಿ ನಾಯಿಯೇ ಇರಲಿಲ್ಲ. ಬೆಲ್ಟು, ಬಟ್ಟಲು, ಆಹಾರ, ‘ಇತರೆ’ ಎಂದು ಬರೆದಿದ್ದರು. ನಾವು ಕೊಟ್ಟ ದುಡ್ಡೆಲ್ಲ ಆ ‘ಇತರೆ’ಯಲ್ಲಿತ್ತು.

ಸೂಜಿಮದ್ದು (ಪಶುವೈದ್ಯೆ, ಶಿವಮೊಗ್ಗ)

ಅದು ಪಾರ್ವೊ, ನಾಯಿಮರಿಗಳಿಗೆ ತಗಲುವ ವೈರಸ್ ಕಾಯಿಲೆ. ಸೋಂಕು ತಗುಲಿ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಆದ್ದರಿಂದ ‘ನಮ್ಮಲ್ಲಿದ್ದಾಗ ಚೆನ್ನಾಗಿಯೇ ಇತ್ತು’ ಎಂಬ ಅಂಗಡಿಯವರ ಮಾತು ಸುಳ್ಳಲ್ಲ, ‘ಅಂಗಡಿಯಿಂದಲೇ ಬಂತು’ ಎಂಬ ನಿಮ್ಮ ಮಾತೂ ಬಹುಮಟ್ಟಿಗೆ ನಿಜ. ಮರಿಯ ಮೈಯಲ್ಲಿ ತಾಯಿಯ ಹಾಲಿನಿಂದ ಬಂದ ರಕ್ಷಣೆ ಇಳಿಯುತ್ತಾ ಇರುತ್ತದೆ, ಲಸಿಕೆಯ ರಕ್ಷಣೆ ಇನ್ನೂ ಏರಿರುವುದಿಲ್ಲ. ಆ ನಡುವಿನ ದಿನಗಳಲ್ಲಿ ನಾಲ್ಕು ಕಡೆಯಿಂದ ಬಂದ ಮರಿಗಳನ್ನು ಒಂದೇ ಕೋಣೆಯಲ್ಲಿ ಇಟ್ಟರೆ ಆಗುವುದೇ ಇದು. ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಫಿನಾಯಿಲ್ ಹಾಕಿ ಒರೆಸಿದರೆ ಸಾಯುವುದಿಲ್ಲ, ಬ್ಲೀಚ್ ಬೇಕು. ಲಸಿಕೆಯನ್ನು ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರು ವಾರದವರೆಗೆ ಕೊಡಿಸಬೇಕು. ‘ಒಂದು ಇಂಜೆಕ್ಷನ್ ಆಗಿದೆ ಮೇಡಂ’ ಎಂದು ಬರುವವರೇ ಹೆಚ್ಚು.

ವಯಸ್ಸಿನ ವಿಷಯಕ್ಕೆ ಬಂದರೆ, ನಾನು ಮರಿಯ ಲಸಿಕೆ ಪುಸ್ತಕ ನೋಡುವುದಿಲ್ಲ, ಬಾಯಿ ತೆರೆಸಿ ನೋಡುತ್ತೇನೆ. ಎಂಟು ವಾರದ ಹೊತ್ತಿಗೆ 28 ಹಾಲುಹಲ್ಲುಗಳು ಬಹುತೇಕ ಬಂದಿರಬೇಕು. ಪುಸ್ತಕದಲ್ಲಿ ‘60 ದಿನ’ ಎಂದಿರುತ್ತದೆ, ಲಸಿಕೆಯ ಸ್ಟಿಕರ್ ಅಂಟಿಸಿರುತ್ತದೆ, ಬೆರಳು ಹಾಕಿದರೆ ಹಿಂದಿನ ಒಸಡು ನುಣ್ಣಗಿರುತ್ತದೆ. ಐದು ವಾರದ ಮರಿ. ಬೊಂಬೆಯಂತೆ ಕಾಣುವುದು ಆ ವಯಸ್ಸಿನಲ್ಲೇ, ಅದಕ್ಕೇ ಆಗಲೇ ಮಾರುತ್ತಾರೆ. ಇನ್ನು ಮೂರು ವಾರ ಇಟ್ಟುಕೊಂಡರೆ ಆಹಾರ, ಲಸಿಕೆ, ಜಂತುಹುಳದ ಔಷಧಿ ಎಲ್ಲ ಬ್ರೀಡರ್‌ನ ಖರ್ಚು. ಆ ಮೂರು ವಾರಗಳಲ್ಲೇ ಮರಿ ಒಡಹುಟ್ಟಿದವರ ಜೊತೆ ಕಚ್ಚಾಡಿ, ಎಷ್ಟು ಜೋರಾಗಿ ಕಚ್ಚಬಾರದು ಎಂಬುದನ್ನು ಕಲಿಯುವುದು. ಕಲಿಯದೆ ಬಂದ ಮರಿಯನ್ನು ಒಂದು ವರ್ಷದ ಮೇಲೆ ‘ಕಚ್ಚುತ್ತದೆ ಡಾಕ್ಟ್ರೇ’ ಎಂದು ನನ್ನ ಬಳಿಗೇ ಕರೆತರುತ್ತಾರೆ.

ಗಲ್ಲಾಪೆಟ್ಟಿಗೆ

ಡಾಕ್ಟರ್ ಹೇಳಿದ್ದರಲ್ಲಿ ಒಂದಕ್ಷರವನ್ನೂ ಅಲ್ಲಗಳೆಯುವುದಿಲ್ಲ. ನಾನೂ ಹಲ್ಲು ನೋಡಿಯೇ ಇಳಿಸಿಕೊಳ್ಳುವುದು. ಹಲ್ಲಿಲ್ಲದ ಮರಿಗಳ ಬುಟ್ಟಿಯನ್ನು ವಾಪಸು ಕಳಿಸಿದ್ದೇನೆ. ಆ ಬುಟ್ಟಿ ಎಲ್ಲಿಗೆ ಹೋಯಿತು ಎಂದು ಕೇಳಿ. ಆ ಮಹಡಿಯವನ ಹತ್ತಿರ! ನಾನು ಇಷ್ಟು ಹೊತ್ತು ಹೇಳುತ್ತಿರುವುದೂ ಅದನ್ನೇ. ಇಡೀ ಸರಪಳಿಯಲ್ಲಿ ಇನ್‌ಸ್ಪೆಕ್ಟರ್ ಬಂದು ನಿಲ್ಲಬಹುದಾದ ಜಾಗ ಎಂದರೆ ಅಂಗಡಿಯೊಂದೇ. ಅದನ್ನು ಮುಚ್ಚಿಸಿ ಯಾರನ್ನು ಹಿಡಿಯುತ್ತೀರಿ?

ಕರಿಕೋಟು (ವಕೀಲ, ಹುಬ್ಬಳ್ಳಿ)

ಹಿಡಿದರೂ ಏನಾಗುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ಮೂಲ ಕಾಯ್ದೆ 1960ರದ್ದು. ಪ್ರಾಣಿಹಿಂಸೆಗೆ 11ನೇ ಕಲಮಿನಡಿ ಮೊದಲ ಅಪರಾಧಕ್ಕೆ ದಂಡ ಹತ್ತು ರೂಪಾಯಿಗೆ ಕಡಿಮೆ ಇಲ್ಲದಂತೆ ಐವತ್ತು ರೂಪಾಯಿವರೆಗೆ. ಅಕ್ಷರದ ತಪ್ಪಲ್ಲ, ಐವತ್ತೇ ರೂಪಾಯಿ. ಲ್ಯಾಬ್ರಡಾರ್ ಮರಿಯೊಂದು ಹಲವು ಸಾವಿರಕ್ಕೆ ಮಾರಾಟವಾಗುವ ಊರಿನಲ್ಲಿ ಈ ದಂಡಕ್ಕೆ ಯಾರು ಹೆದರುತ್ತಾರೆ? 2017 ಮತ್ತು 2018ರ ನಿಯಮಗಳ ನಿಜವಾದ ಹಲ್ಲು ಎಂದರೆ ನೋಂದಣಿ ರದ್ದು. ನೋಂದಣಿಯನ್ನೇ ಮಾಡಿಸದವನ ಮುಂದೆ ಅದೂ ಬೊಚ್ಚುಬಾಯಿ.

ಲ್ಯಾಬ್ ಮನೆಯವರಿಗೆ: ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಂತೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಎರಡು ವರ್ಷದ ಗಡುವಿದೆ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆದರೆ ನಾಯಿಯನ್ನೇ ಕೊಂಡಿದ್ದೀರಿ ಎಂಬುದಕ್ಕೆ ದಾಖಲೆ ಬೇಕು. ಯುಪಿಐ ಸಂದೇಶ, ಅಂಗಡಿಯವರ ಜೊತೆಗಿನ ವಾಟ್ಸ್‌ಆ್ಯಪ್ ಮಾತುಕತೆ, ವೈದ್ಯರ ಚೀಟಿ ಇದ್ದರೆ ಜೋಪಾನ ಮಾಡಿ. ‘ಇತರೆ’ ಎಂದು ಬರೆಯುವ ಅಂಗಡಿಯವನಿಗೆ ತಾನೇನು ಮಾಡುತ್ತಿದ್ದೇನೆ ಎಂಬುದು ಚೆನ್ನಾಗಿಯೇ ಗೊತ್ತಿರುತ್ತದೆ.

ನಿರ್ವಾಹಕ

ಒಬ್ಬರು ಬೆಂಗಳೂರಿನ ಅಂಗಡಿಯ ಹೆಸರು, ವಿಳಾಸ ಬರೆದಿದ್ದರು, ಅಳಿಸಿದ್ದೇನೆ. ಇನ್ನೊಬ್ಬರು ‘ಶಿಹ್ ಟ್ಸು ಮರಿ ಇದೆ, ಇನ್‌ಬಾಕ್ಸ್‌ಗೆ ಬನ್ನಿ’ ಎಂದು ಬರೆದಿದ್ದರು, ಅವರನ್ನೇ ಹೊರಗೆ ಹಾಕಿದ್ದೇನೆ. ಈ ಚರ್ಚೆಯಲ್ಲೇ ಮಾರಾಟಕ್ಕಿಳಿಯುವ ಧೈರ್ಯಕ್ಕೆ ಕೈ ಮುಗಿಯಬೇಕು.

ಘಟಪ್ರಭಾ ದಂಡೆ (ಮುಧೋಳ)

ಬ್ರೀಡರ್ ಎಂದರೆ ರಾಕ್ಷಸ ಎಂಬಂತೆ ಮಾತು ಸಾಗುತ್ತಿದೆ, ಆದ್ದರಿಂದ ನಾನೂ ಬಾಯಿ ಹಾಕುತ್ತೇನೆ. ನಮ್ಮ ಕಡೆ ಮುಧೋಳ ತಳಿಯ ಬೇಟೆನಾಯಿ ಸಾಕಿ ಮರಿ ಮಾರುವ ರೈತ ಕುಟುಂಬಗಳು ಬೇಕಾದಷ್ಟಿವೆ, ನಮ್ಮದೂ ಒಂದು. ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಸೇನೆಯವರು ಮರಿ ಒಯ್ದಿದ್ದಾರೆ, ಅಂಚೆಚೀಟಿಯಲ್ಲಿ ನಮ್ಮ ನಾಯಿ ಬಂದಿದೆ. ಮರಿ ಕೊಳ್ಳಲು ಬಂದವರು ಮೊದಲು ಕಾಣುವುದು ತಾಯಿಯನ್ನೇ, ಏಕೆಂದರೆ ಅದು ಅಂಗಳದಲ್ಲಿ ಬೊಗಳುತ್ತಾ ನಿಂತಿರುತ್ತದೆ. ಅದರ ಪಕ್ಕೆಲುಬು ಎಣಿಸಬಹುದು, ಬೇಟೆನಾಯಿ ಇರಬೇಕಾದದ್ದೇ ಹಾಗೆ. ‘ಯಾಕೆ ಊಟ ಹಾಕಿಲ್ಲ?’ ಎಂದು ಕೇಳಿದವರೂ ಇದ್ದಾರೆ.

2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಮುಧೋಳದ ಹೆಸರು ಹೇಳಿದ ಮೇಲೆ ಫೋನು ನಿಲ್ಲಲೇ ಇಲ್ಲ. ಅಂಗಡಿಯವರೂ ಕರೆ ಮಾಡಿದರು. ‘ಒಂದೇ ಸಲಕ್ಕೆ ಎಂಟು ಮರಿ ಕೊಡಿ, ನಾವು ಮಾರಿಕೊಳ್ಳುತ್ತೇವೆ’ ಎಂದರು. ಅಪ್ಪ ಒಪ್ಪಲಿಲ್ಲ. ‘ಯಾರ ಮನೆ ಸೇರುತ್ತದೆಂದು ಗೊತ್ತಿಲ್ಲದೆ ಹೇಗೆ ಕೊಡುವುದು?’ ಎಂದರು. ಓಡಲೆಂದೇ ಹುಟ್ಟಿದ ನಾಯಿಯನ್ನು ಹನ್ನೊಂದನೇ ಅಂತಸ್ತಿನ ಬಾಲ್ಕನಿಯಲ್ಲಿ ಕಟ್ಟಿದರೆ ಅದು ಸೋಫಾ ಹರಿಯದೆ ಇನ್ನೇನು ಮಾಡುತ್ತದೆ? ಹಾಗಾಗಿ ಫಲಕದವರ ಜೊತೆ ನನಗೆ ಜಗಳವಿದೆ, ಅಂಗಡಿಯವರ ಜೊತೆಗೂ ಇದೆ.

ಬೀದಿಬಂಧು

ಘಟಪ್ರಭಾ ಅವರೇ, ನಿಮ್ಮ ಅಪ್ಪನಂಥವರ ವಿರುದ್ಧ ನಾವು ಬೀದಿಗಿಳಿದಿಲ್ಲ. ನಮ್ಮಲ್ಲೂ ‘ಸಂತಾನೋತ್ಪತ್ತಿಯೇ ಬೇಡ’ ಎನ್ನುವವರಿದ್ದಾರೆ, ನಾನು ಆ ಪಂಗಡದವನಲ್ಲ. ನಾನು ನೋಡಿದ್ದನ್ನು ಹೇಳುತ್ತೇನೆ. ಹೊರವರ್ತುಲ ರಸ್ತೆಯ ಪಕ್ಕ ಒಂದು ಗೋಲ್ಡನ್ ರಿಟ್ರೀವರ್ ಸಿಕ್ಕಿತು. ಮೊಲೆಗಳು ಜೋತುಬಿದ್ದಿದ್ದವು, ಸಿಮೆಂಟಿನ ಮೇಲೇ ಮಲಗಿ ಮೊಣಕೈಗಳಲ್ಲಿ ಬೂದುಬಣ್ಣದ ದಡ್ಡು ಕಟ್ಟಿತ್ತು, ಉಗುರುಗಳು ಬೆಳೆದು ಪಾದದ ಕಡೆಗೆ ಬಾಗಿದ್ದವು. ಗರ್ಭಕೋಶದ ತುಂಬ ಕೀವು. ಶಸ್ತ್ರಚಿಕಿತ್ಸೆ ಮಾಡಿಸಿ ಉಳಿಸಿಕೊಂಡೆವು. ಹುಲ್ಲಿನ ಮೇಲೆ ಕಾಲಿಡಲು ಅದಕ್ಕೆ ಭಯ. ಅದರ ಮರಿಗಳು ಒಂದಲ್ಲ ಒಂದು ಅಂಗಡಿಯ ಗಾಜಿನ ಹಿಂದೆ ಕೂತು ಬಾಲ ಅಲ್ಲಾಡಿಸಿರುತ್ತವೆ, ‘ಚಾಂಪಿಯನ್ ಲೈನ್, ಹೆವಿ ಬೋನ್’ ಎಂಬ ಹೊಗಳಿಕೆಯೊಂದಿಗೆ ಮಾರಾಟವೂ ಆಗಿರುತ್ತವೆ. ಅಂಗಡಿ ಕೊಳಕಾಗಿದೆ ಎಂದು ನಾವು ದೂರುತ್ತಿಲ್ಲ. ತಾಯಿ ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳುವುದು ಆ ಗಾಜು.

ಇಂಗ್ಲೆಂಡಿನಲ್ಲಿ ಈ ಗಾಜನ್ನು ತೆಗೆಯಲೆಂದೇ ಕಾನೂನು ಮಾಡಿದರು. 2013ರಲ್ಲಿ ವೇಲ್ಸ್‌ನ ಒಂದು ಮರಿ ಕಾರ್ಖಾನೆಯಿಂದ ಬಿಡಿಸಿ ತಂದ ಲೂಸಿ ಎಂಬ ಸ್ಪ್ಯಾನಿಯಲ್ ನಾಯಿಯ ಹೆಸರಿನಲ್ಲಿ, 2020ರ ಏಪ್ರಿಲ್ 6ರಿಂದ ಜಾರಿ. ಆರು ತಿಂಗಳೊಳಗಿನ ಮರಿಯನ್ನು ಸಾಕಿದವರಿಂದಲೇ ನೇರವಾಗಿ ಕೊಳ್ಳಬೇಕು, ಇಲ್ಲವೇ ಆಶ್ರಯಧಾಮದಿಂದ ತರಬೇಕು. ನಡುವೆ ಅಂಗಡಿಯೂ ಇಲ್ಲ, ದಲ್ಲಾಳಿಯೂ ಇಲ್ಲ.

ಬಾಡಿಗೆ ಮನೆ (ಬೆಂಗಳೂರು)

ಆಶ್ರಯಧಾಮದ ಮಾತು ಬಂದದ್ದರಿಂದ ಕೇಳುತ್ತೇನೆ. ದತ್ತು ಪಡೆಯಲು ಹೋದಾಗ ನನ್ನನ್ನು ವಿಚಾರಿಸಿದಷ್ಟು ಹೆಣ್ಣು ಕೊಡುವವರೂ ವಿಚಾರಿಸಿರಲಿಲ್ಲ. ಬಾಡಿಗೆ ಮನೆಯೇ? ಮಾಲೀಕರ ಪತ್ರ ತನ್ನಿ. ಇಬ್ಬರೂ ಕೆಲಸಕ್ಕೆ ಹೋಗುತ್ತೀರಾ? ಹಾಗಿದ್ದರೆ ಕಷ್ಟ. ಕೊನೆಗೆ ಬೇಸತ್ತು ಅಂಗಡಿಗೆ ಹೋದೆ. ಅಲ್ಲಿ ಅವರು ಕೇಳಿದ್ದು ‘ಕ್ಯಾಶಾ, ಯುಪಿಐಯಾ?’ ಎಂದು ಮಾತ್ರ.

ಗಲ್ಲಾಪೆಟ್ಟಿಗೆ

ನೋಡಿದಿರಾ!

ಸೂಜಿಮದ್ದು

‘ನೋಡಿದಿರಾ’ ಎಂದು ಖುಷಿಪಡುವ ವಿಷಯವಲ್ಲ ಇದು. ಹದಿಮೂರು ವರ್ಷ ಬದುಕುವ ಪ್ರಾಣಿಯನ್ನು ಕೊಡುವಾಗ ಒಂದು ಪ್ರಶ್ನೆಯನ್ನೂ ಕೇಳದಿರುವುದು ಅಂಗಡಿಗೆ ಹೆಗ್ಗಳಿಕೆಯೇ? ಹಾಗೆಯೇ ಆಶ್ರಯಧಾಮದವರೂ ಸ್ವಲ್ಪ ಬಿಗಿ ಸಡಿಲಿಸಬೇಕು. ಬೆಂಗಳೂರಿನ ಅರ್ಧ ಊರು ಬಾಡಿಗೆ ಮನೆಯಲ್ಲಿದೆ.

ಬೀದಿಬಂಧು

ಒಪ್ಪುತ್ತೇನೆ. ಬೇಸಿಗೆ ರಜೆ ಬಂದಾಗ ವಾಪಸಾಗುವ ನಾಯಿಗಳನ್ನು ಕಂಡು ಕಂಡು ನಮ್ಮವರು ಎಲ್ಲರನ್ನೂ ಅನುಮಾನದಿಂದಲೇ ನೋಡುವಂತಾಗಿದೆ.

ಸನಿವೇಲ್ ಕನ್ನಡಿಗ (ಕ್ಯಾಲಿಫೋರ್ನಿಯಾ)

ನಾನಿರುವಲ್ಲಿ ಈ ಪ್ರಯೋಗವೆಲ್ಲ ಆಗಿಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. 2019ರ ಜನವರಿ 1ರಿಂದ ಇಲ್ಲಿನ ಅಂಗಡಿಗಳು ಆಶ್ರಯಧಾಮದಿಂದ ಬಂದ ನಾಯಿ, ಬೆಕ್ಕು, ಮೊಲಗಳನ್ನು ಮಾತ್ರ ಮಾರಬೇಕೆಂದು ಕಾನೂನಾಯಿತು. ಅಂಗಡಿಯವರೇನು ಕಡಿಮೆಯೇ? ಮಧ್ಯಪಶ್ಚಿಮ ರಾಜ್ಯಗಳ ಕಾರ್ಖಾನೆಗಳ ಮರಿಗಳು ಲಾರಿಯಲ್ಲಿ ಬಂದವು, ಬಂದ ಕೂಡಲೇ ‘ರಕ್ಷಿಸಿದ ಮರಿ’ ಎಂಬ ಕಾಗದ ಅಂಟಿಸಿಕೊಂಡವು. ಎರಡು ತಿಂಗಳ ಶುದ್ಧ ತಳಿಯ ಮರಿಯನ್ನು ಯಾರಿಂದ ರಕ್ಷಿಸಿದರೋ ದೇವರೇ ಬಲ್ಲ! ಅದನ್ನು ತಡೆಯಲು 2021ರಿಂದ ಅಂಗಡಿಯಲ್ಲಿ ಮಾರಾಟವನ್ನೇ ನಿಲ್ಲಿಸಿದರು. ಅಂಗಡಿಗಳು ಬೇಕಿದ್ದರೆ ಆಶ್ರಯಧಾಮಕ್ಕೆ ಜಾಗ ಕೊಡಬಹುದು, ಅದರಿಂದ ಕಮಿಷನ್ ಪಡೆಯುವಂತಿಲ್ಲ. ಆಮೇಲೆ ದಲ್ಲಾಳಿಗಳು ಜಾಲತಾಣಗಳಿಗೆ ಹೋದರು. ಚೆಂದದ ಮನೆ, ಹಸಿರು ಹುಲ್ಲು, ಮಕ್ಕಳ ಜೊತೆ ಮರಿಯ ಫೋಟೊ. ಮರಿ ಬರುವುದು ಮಾತ್ರ ಅದೇ ಲಾರಿಯಲ್ಲಿ. 2025ರ ಅಕ್ಟೋಬರ್‌ನಲ್ಲಿ ದಲ್ಲಾಳಿ ಮಾರಾಟವನ್ನೂ ನಿಷೇಧಿಸುವ ಮಸೂದೆಗೆ ರಾಜ್ಯಪಾಲರು ಸಹಿ ಹಾಕಿದರು.

ಅಂದರೆ ಗಲ್ಲಾಪೆಟ್ಟಿಗೆಯವರು ಹೇಳಿದಂತೆ ಬೇಡಿಕೆ ಬೇರೆ ದಾರಿ ಹುಡುಕಿಕೊಂಡದ್ದು ನಿಜ. ಆದರೆ ಅಂಗಡಿಗಳೇನೂ ನಿರ್ನಾಮವಾಗಲಿಲ್ಲ. ನಮ್ಮ ಮನೆಯ ಹತ್ತಿರದ ಅಂಗಡಿ ಆಹಾರ, ಸ್ನಾನ, ಕ್ಷೌರದಲ್ಲೇ ಚೆನ್ನಾಗಿ ನಡೆಯುತ್ತಿದೆ. ನಾಯಿಯ ಕ್ಷೌರಕ್ಕೆ ಇಲ್ಲಿ ಕೇಳುವ ದುಡ್ಡು ನನ್ನ ಕ್ಷೌರಕ್ಕಿಂತ ಜಾಸ್ತಿ.

ಲ್ಯಾಬ್ ಮನೆಯವರು

‘777 ಚಾರ್ಲಿ’ ನೋಡಿ ಅತ್ತವರಲ್ಲಿ ನಮ್ಮ ಮನೆಯವರೂ ಇದ್ದಾರೆ. ಆ ನಾಯಿ ತಪ್ಪಿಸಿಕೊಂಡು ಬರುವುದೇ ಅಂಥ ಬ್ರೀಡರ್‌ನ ಮನೆಯಿಂದ. ಚಿತ್ರ ನೋಡಿ ಹೊರಗೆ ಬಂದ ಮಗಳು ಕೇಳಿದ್ದು ಮಾತ್ರ ‘ನಮಗೂ ಲ್ಯಾಬ್ರಡಾರ್ ಬೇಕು’ ಎಂದು.

ಕರಿಕೋಟು

ನಿಷೇಧ ಎಂದ ಕೂಡಲೇ ಕುಣಿಯುವವರಿಗೆ ಒಂದು ಮಾತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ನಾಯಿ ತಳಿಗಳನ್ನು ‘ಅಪಾಯಕಾರಿ’ ಎಂದು ಹೇಳಿ, ಅವುಗಳ ಮಾರಾಟ ನಿಷೇಧಿಸುವಂತೆ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದರಿಂದ ಏಪ್ರಿಲ್‌ನಲ್ಲೇ ನಮ್ಮ ಹೈಕೋರ್ಟ್ ಅದನ್ನು ರದ್ದುಗೊಳಿಸಿತು. ಅಂಗಡಿ ಮಾರಾಟದ ಮೇಲೆ ನಿರ್ಬಂಧ ತರುವುದಾದರೂ ಗಲ್ಲಾಪೆಟ್ಟಿಗೆಯಂಥವರನ್ನು ಕೂರಿಸಿಕೊಂಡು ಮಾತನಾಡಲೇಬೇಕು.

ಬೀದಿಬಂಧು

ಮಾತನಾಡೋಣ. ನನ್ನ ಮೊದಲ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಬ್ರೀಡರ್ ಒಳ್ಳೆಯವನಾದರೆ ಅವನ ಹೆಸರನ್ನು ಗಿರಾಕಿಗೆ ಹೇಳಲು ಏನು ತೊಂದರೆ?

ಗಲ್ಲಾಪೆಟ್ಟಿಗೆ

ಏನು ತೊಂದರೆ ಎಂದರೆ, ವ್ಯಾಪಾರವೇ ತೊಂದರೆ. ಹೆಸರು ಹೇಳಿದ ಮರುದಿನ ಗಿರಾಕಿ ನೇರ ಅಲ್ಲಿಗೇ ಹೋಗುತ್ತಾನೆ. ಮರಿಯೊಂದಕ್ಕೆ ನನಗೆ ಉಳಿಯುವುದು ಮೂರೋ ನಾಲ್ಕೋ ಸಾವಿರ, ಒಂದು ಕಾಯಿಲೆ ಬಿದ್ದರೆ ಮೂರು ಮರಿಗಳ ಲಾಭ ಹೋಯಿತು. ಆ ಉಳಿಕೆ ನಿಂತಿರುವುದೇ ಮೂಲ ನನಗೊಬ್ಬನಿಗೆ ಗೊತ್ತಿರುವುದರ ಮೇಲೆ. ತರಕಾರಿ ಮಂಡಿಯವನು ರೈತನ ಫೋನ್ ನಂಬರನ್ನು ಹಂಚುತ್ತಾನೆಯೇ?

ಬೀದಿಬಂಧು

ಬದನೆಕಾಯಿಗೆ ತಾಯಿ ಇಲ್ಲ. ಆದರೆ ನೇರವಾಗಿ ಹೇಳಿದ್ದಕ್ಕೆ ಧನ್ಯವಾದ. ಇಷ್ಟು ವರ್ಷಗಳಲ್ಲಿ ಇದನ್ನು ಯಾವ ಅಂಗಡಿಯವರ ಬಾಯಲ್ಲೂ ಕೇಳಿರಲಿಲ್ಲ. ಮೂಲ ಮುಚ್ಚಿಟ್ಟರೆ ಮಾತ್ರ ನಡೆಯುವ ವ್ಯಾಪಾರಕ್ಕೆ ಗೋಡೆಯ ಮೇಲೆ ಎಷ್ಟು ಪ್ರಮಾಣಪತ್ರ ತೂಗುಹಾಕಿದರೂ ತಾಯಿಯ ಪಾಡು ಬದಲಾಗುವುದಿಲ್ಲ.

ಗಲ್ಲಾಪೆಟ್ಟಿಗೆ

ನಾನು ಮುಚ್ಚಿಡುವುದು ಗಿರಾಕಿಯಿಂದ, ಸರ್ಕಾರದಿಂದಲ್ಲ. ಯಾವ ಮರಿ ಎಲ್ಲಿಂದ ಬಂತು ಎಂದು ರಿಜಿಸ್ಟರಿನಲ್ಲಿ ಬರೆದಿದ್ದೇನೆ, ಮಂಡಳಿಯವರು ಕೇಳಿದರೆ ಕೊಡುತ್ತೇನೆ. ಅದನ್ನು ತಿರುವಿ ನೋಡಿ ಆ ಊರಿಗೆ ಹೋಗಿ ಶೆಡ್ಡಿನ ಬಾಗಿಲು ತಟ್ಟುವುದು ಅವರ ಕೆಲಸ. ತಟ್ಟುವುದಿಲ್ಲ ಎಂದರೆ ಫಲಕವನ್ನು ಅವರ ಕಚೇರಿಯ ಮುಂದೆ ಹಿಡಿಯಿರಿ.

ಘಟಪ್ರಭಾ ದಂಡೆ

ಎರಡೂ ಕಡೆ ಹಿಡಿಯಲಿ ಬಿಡಿ, ಫಲಕಕ್ಕೇನು ಬರ. ನನ್ನದೊಂದು ವ್ಯಾವಹಾರಿಕ ಸಲಹೆ. ಹೆಸರು, ಫೋನು ಬೇಡ. ಬ್ರೀಡರ್‌ನ ನೋಂದಣಿ ಸಂಖ್ಯೆ, ತಾಯಿಯ ಚಿಪ್ (ಗುರುತಿಗಾಗಿ ಚರ್ಮದಡಿ ಸೇರಿಸುವ ಪುಟ್ಟ ಮೈಕ್ರೋಚಿಪ್) ಸಂಖ್ಯೆ, ಮರಿಯ ಚಿಪ್ ಸಂಖ್ಯೆ, ಹುಟ್ಟಿದ ದಿನ, ಈ ನಾಲ್ಕನ್ನು ಬಿಲ್ಲಿನಲ್ಲಿ ಬರೆಯಿರಿ. ಗಿರಾಕಿಗೆ ದಾರಿ ಸಿಗುವುದಿಲ್ಲ, ತಕರಾರು ಬಂದರೆ ಮಂಡಳಿಗೆ ಸಿಗುತ್ತದೆ.

ಕರಿಕೋಟು

ಬಿಲ್ಲಿನಲ್ಲಿ ‘ನಾಯಿಮರಿ’ ಎಂಬ ಪದವೂ ಇರಲಿ. ಈ ಐದು ಇದ್ದರೆ ಆಯೋಗದ ಮುಂದೆ ನಿಲ್ಲುವ ದಾಖಲೆ ಅದು. ಇದರಿಂದ ಗಲ್ಲಾಪೆಟ್ಟಿಗೆಯವರಿಗೂ ರಕ್ಷಣೆ. ಬೇರೆ ಕಡೆ ಕೊಂಡ ಮರಿಯನ್ನು ತಂದು ‘ನಿಮ್ಮದೇ’ ಎಂದು ಜಗಳ ತೆಗೆಯುವವರಿಗೂ ಕೊರತೆಯಿಲ್ಲ.

ಬೀದಿಬಂಧು

ಇದರಿಂದ ನನಗೆ ಪೂರ್ತಿ ಸಮಾಧಾನವಿಲ್ಲ. ಅಂಗಡಿಯಲ್ಲಿ ಮರಿ ಮಾರಬಾರದು ಎಂಬ ನಿಲುವೂ ಬದಲಾಗಿಲ್ಲ, ಪ್ರತಿಭಟನೆಯೂ ನಿಲ್ಲುವುದಿಲ್ಲ. ಆದರೆ ನಾಲ್ಕು ಸಂಖ್ಯೆ ಬರೆಯುವ ಅಂಗಡಿಗೂ ‘ಇತರೆ’ ಎಂದು ಬರೆಯುವ ಅಂಗಡಿಗೂ ವ್ಯತ್ಯಾಸವಿದೆ, ಅದನ್ನು ನಮ್ಮವರಿಗೂ ಹೇಳುತ್ತೇನೆ. ಹಕ್ಕಿಯ ಕಾಳಿಗೆ ಬಂದವರನ್ನು ತಡೆದದ್ದು ತಪ್ಪು.

ಗಲ್ಲಾಪೆಟ್ಟಿಗೆ

ನೋಂದಣಿ ಸಂಖ್ಯೆ ಬರೆಯುತ್ತೇನೆ, ಅದರಲ್ಲಿ ಕಷ್ಟವಿಲ್ಲ. ನನಗೆ ಮರಿ ಕೊಡುವವರಲ್ಲಿ ಒಬ್ಬರ ನೋಂದಣಿ ಇನ್ನೂ ‘ಅರ್ಜಿ ಹಂತದಲ್ಲಿದೆ’ ಎಂದು ಬಹಳ ದಿನದಿಂದ ಹೇಳುತ್ತಿದ್ದಾರೆ. ಅದು ಬರುವವರೆಗೆ ಅವರಿಂದ ಇಳಿಸಿಕೊಳ್ಳುವುದಿಲ್ಲ. ಚಿಪ್‌ನದು ಬೇರೆ ಕಥೆ. ಬ್ರೀಡರ್ ಕಾಗದದ ಮೇಲೆ ಬರೆದುಕೊಟ್ಟ ಸಂಖ್ಯೆಯನ್ನು ನಾನು ಬಿಲ್ಲಿಗೆ ಇಳಿಸುತ್ತೇನೆ, ಆ ಚಿಪ್ ನಿಜವಾಗಿ ಮರಿಯ ಮೈಯಲ್ಲಿದೆಯೇ ಎಂದು ನನಗೆ ಹೇಗೆ ತಿಳಿಯಬೇಕು? ಓದುವ ಯಂತ್ರವನ್ನು ನಾವೇ ಇಟ್ಟುಕೊಳ್ಳಬಹುದೇ, ಅಥವಾ ಡಾಕ್ಟರ್ ಬಳಿಯೇ ಹೋಗಬೇಕೇ?

ಸೂಜಿಮದ್ದು

ನೀವೇ ಇಟ್ಟುಕೊಳ್ಳಬಹುದು, ಅದಕ್ಕೆ ವೈದ್ಯರೇ ಬೇಕೆಂದಿಲ್ಲ. ಅಂಗೈಯಲ್ಲಿ ಹಿಡಿಯುವ ರೀಡರ್ ಸಿಗುತ್ತದೆ. 134.2 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವ, 15 ಅಂಕಿಯ ಐಎಸ್‌ಒ ಚಿಪ್ ಓದುವಂಥದ್ದನ್ನೇ ಕೊಳ್ಳಿ, ಅಗ್ಗದ್ದೆಂದು ಬೇರೆ ತರಂಗದ್ದನ್ನು ತಂದರೆ ಏನೂ ಕಾಣಿಸುವುದಿಲ್ಲ. ಎರಡು ಭುಜಗಳ ನಡುವೆ ಮೊದಲು ನೋಡಿ, ಸಿಗದಿದ್ದರೆ ಕುತ್ತಿಗೆಯ ಪಕ್ಕ, ಮುಂಗಾಲಿನ ಕಡೆಗೂ ನಿಧಾನವಾಗಿ ಆಡಿಸಿ. ಚಿಪ್ ಜಾರಿರುವುದುಂಟು. ತಾಯಿಯ ಸಂಖ್ಯೆಯನ್ನು ಪರೀಕ್ಷಿಸಬೇಕೆಂದರೆ ಮಾತ್ರ ಆ ರೀಡರ್ ಹಿಡಿದುಕೊಂಡು ನೀವೇ ಬ್ರೀಡರ್‌ನ ಮನೆಗೆ ಹೋಗಬೇಕಾಗುತ್ತದೆ.